ಏನು ಓದುತ್ತಿದ್ದೀರಿ? – ವಿದ್ಯಾರ್ಥಿವೇತನ ಕೇಳುವ ಎರಡನೆಯ ಪ್ರಶ್ನೆ

ವಿದ್ಯಾರ್ಥಿವೇತನದ ಯಾವ ಅರ್ಜಿಯನ್ನಾದರೂ ಕೈಗೆತ್ತಿಕೊಂಡು ನೋಡಿ. ಅದು ಮುಖ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತದೆ. ಮೊದಲನೆಯದು, ನೀವು ಯಾರು? ಅಂದರೆ ನಿಮ್ಮ ಜಾತಿ ಯಾವುದು, ತಂದೆತಾಯಿಯರ ವರಮಾನ ಎಷ್ಟು, ಊರು ಯಾವುದು ಎಂಬುದು. ಎರಡನೆಯದು, ನೀವು ಏನು ಓದುತ್ತಿದ್ದೀರಿ? ಮೊದಲ ಪ್ರಶ್ನೆಯ ಬಗ್ಗೆ ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಆಯೋಗಗಳು ಕುಳಿತಿವೆ, ನ್ಯಾಯಾಲಯಗಳು ತೀರ್ಪು ಕೊಟ್ಟಿವೆ, ಬೀದಿಯಲ್ಲಿ ಮೆರವಣಿಗೆಗಳೂ ಹೊರಟಿವೆ. ಎರಡನೆಯ ಪ್ರಶ್ನೆ ಮಾತ್ರ ಅರ್ಜಿಯ ಒಂದು ಮೂಲೆಯಲ್ಲಿ ಸದ್ದಿಲ್ಲದೆ ಕುಳಿತಿದೆ. ಜಾತಿ ಪ್ರಮಾಣಪತ್ರವೂ ಆದಾಯ ಪ್ರಮಾಣಪತ್ರವೂ ಸರಿಯಾಗಿಯೇ ಇದ್ದ ಎಷ್ಟೋ ಮಕ್ಕಳಿಗೆ ಹಣ ಸಿಗದೆ ಹೋದದ್ದು, ಸಿಕ್ಕರೂ ಪಕ್ಕದ ಕೊಠಡಿಯವನಿಗೆ ಸಿಕ್ಕಿದ್ದರ ಅರ್ಧದಷ್ಟು ಮಾತ್ರ ಸಿಕ್ಕಿದ್ದು, ಈ ಎರಡನೆಯ ಪ್ರಶ್ನೆಗೆ ಅವರು ಕೊಟ್ಟ ಉತ್ತರದಿಂದ.

ಕೋರ್ಸಿನ ಬಗೆಯನ್ನು ನೋಡಿ ನೆರವು ಕೊಡುವ ಈ ಪದ್ಧತಿ ನಿನ್ನೆ ಮೊನ್ನೆ ಬಂದದ್ದಲ್ಲ. ಇದಕ್ಕೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ. ಆ ಇತಿಹಾಸವನ್ನು ತಿಳಿದರೆ ಇಂದಿನ ಕೋಷ್ಟಕಗಳ ಹಿಂದೆ ಯಾವ ವಿಚಾರ ಕೆಲಸ ಮಾಡುತ್ತಿದೆ ಎಂಬುದು ಕಾಣುತ್ತದೆ. ಬನ್ನಿ, ಆರಂಭದಿಂದಲೇ ನೋಡೋಣ.

ಒಂದೇ ಊರು, ಒಂದೇ ವರ್ಷ, ಎರಡು ಆಜ್ಞೆ

1835ರ ಕಲ್ಕತ್ತೆಗೆ ಹೋಗೋಣ. ಆ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪೆನಿ ಕೆಲವು ವಿದ್ಯಾಸಂಸ್ಥೆಗಳನ್ನು ನಡೆಸುತ್ತಿತ್ತು. 1781ರಲ್ಲಿ ಆರಂಭವಾದ ಕಲ್ಕತ್ತಾ ಮದರಸಾ, 1791ರ ಬನಾರಸ್ ಸಂಸ್ಕೃತ ಕಾಲೇಜು, 1824ರ ಕಲ್ಕತ್ತಾ ಸಂಸ್ಕೃತ ಕಾಲೇಜು ಇವುಗಳಲ್ಲಿ ಮುಖ್ಯವಾದವು. ಇಲ್ಲಿ ಓದುವವರಿಗೆ ತಿಂಗಳು ತಿಂಗಳೂ ಸಹಾಯಧನ ದೊರೆಯುತ್ತಿತ್ತು. ಗುರುಕುಲಕ್ಕೆ ದಾನದತ್ತಿ ಬಿಡುವ, ವಿದ್ಯಾರ್ಥಿಗೆ ಅನ್ನ ವಸ್ತ್ರ ಕೊಡುವ ನಮ್ಮ ಹಳೆಯ ಸಂಪ್ರದಾಯಕ್ಕೆ ಇದು ತಕ್ಕಂತಿತ್ತು.

ಆ ವರ್ಷದ ಫೆಬ್ರವರಿ 2ರಂದು ಮೆಕಾಲೆ ಬರೆದ ಟಿಪ್ಪಣಿ ನಿಮಗೆ ಗೊತ್ತೇ ಇದೆ. ಇಂಗ್ಲಿಷ್ ಶಿಕ್ಷಣದ ಪರವಾದ ವಾದ ಎಂದು ಅದನ್ನು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಆದರೆ ಅದರೊಳಗೆ ವಿದ್ಯಾರ್ಥಿವೇತನದ ವಿಷಯವೂ ಇದೆ ಎಂಬುದು ಅಷ್ಟಾಗಿ ನಮ್ಮ ಗಮನಕ್ಕೆ ಬಂದಿಲ್ಲ. ಸಂಸ್ಕೃತ, ಅರಬ್ಬಿ ಕಲಿಯುವವರಿಗೆ ನಾವೇ ಹಣ ಕೊಡಬೇಕಾಗಿದೆ, ಇಂಗ್ಲಿಷ್ ಕಲಿಯುವವರಾದರೋ ತಾವೇ ನಮಗೆ ಹಣ ಕೊಡಲು ಸಿದ್ಧರಿದ್ದಾರೆ ಎಂಬುದು ಮೆಕಾಲೆಯ ಒಂದು ಮುಖ್ಯ ವಾದ. ಹತ್ತು ಹನ್ನೆರಡು ವರ್ಷ ಓದಿ ಹೊರಬಂದ ಸಂಸ್ಕೃತ ಕಾಲೇಜಿನ ಹಳೆಯ ವಿದ್ಯಾರ್ಥಿಗಳು, ತಮಗೆ ಜೀವನೋಪಾಯವೇ ಇಲ್ಲವೆಂದು ಸರ್ಕಾರಕ್ಕೆ ಬಿನ್ನವಿಸಿಕೊಂಡಿದ್ದನ್ನೂ ಆತ ತನ್ನ ವಾದಕ್ಕೆ ಬಳಸಿಕೊಂಡ. ಕೆಲಸ ಕೊಡದ ವಿದ್ಯೆಗೆ ಬೊಕ್ಕಸದ ಹಣವೇಕೆ ಎಂಬುದು ಇದರ ತಾತ್ಪರ್ಯ.

ಮಾರ್ಚ್ 7ರಂದು ಗವರ್ನರ್ ಜನರಲ್ ಬೆಂಟಿಂಕ್ ಹೊರಡಿಸಿದ ನಿರ್ಣಯ ಈ ವಾದವನ್ನು ಒಪ್ಪಿಕೊಂಡಿತು. ಈಗಾಗಲೇ ಸಹಾಯಧನ ಪಡೆಯುತ್ತಿರುವವರಿಗೆ ಅದು ಮುಂದುವರಿಯಲಿ, ಇನ್ನು ಮುಂದೆ ಪೌರ್ವಾತ್ಯ ವಿದ್ಯೆಯ ಸಂಸ್ಥೆಗಳಿಗೆ ಸೇರುವವರಿಗೆ ಇಲ್ಲ ಎಂದಾಯಿತು.

ಸ್ವಾರಸ್ಯವಿರುವುದು ಇಲ್ಲಿ. ಇದಕ್ಕೆ ಸುಮಾರು ಐದು ವಾರಗಳ ಹಿಂದೆ, ಅದೇ 1835ರ ಜನವರಿ 28ರಂದು, ಅದೇ ಬೆಂಟಿಂಕ್ ಕಲ್ಕತ್ತಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸುವ ಆಜ್ಞೆ ಹೊರಡಿಸಿದ್ದ. ಆ ಕಾಲೇಜಿಗೆ ಸೇರುವ ಹುಡುಗರಿಗೆ ಸರ್ಕಾರದಿಂದ ಮಾಸಿಕ ಸಹಾಯಧನ ಗೊತ್ತಾಯಿತು! ಸಹಾಯಧನ ವಿದ್ಯಾರ್ಥಿಯನ್ನು ಸೋಮಾರಿಯನ್ನಾಗಿ ಮಾಡುತ್ತದೆ ಎಂದೋ, ಹಣ ಕೊಟ್ಟು ಓದಿಸುವುದು ತಪ್ಪೆಂದೋ ಸರ್ಕಾರ ಭಾವಿಸಿದ್ದರೆ ವೈದ್ಯ ವಿದ್ಯಾರ್ಥಿಗೂ ಅದನ್ನು ಕೊಡುತ್ತಿರಲಿಲ್ಲ. ಆಗ ಆಸ್ಪತ್ರೆಗಳಿಗೂ ಸೈನ್ಯಕ್ಕೂ ವೈದ್ಯ ಸಹಾಯಕರು ಬೇಕಾಗಿದ್ದರು. ಹಾಗಾಗಿ ಆ ಓದಿಗೆ ಹಣ ಬಂತು. ವ್ಯಾಕರಣ, ನ್ಯಾಯಶಾಸ್ತ್ರಗಳನ್ನು ಓದಿದವರು ಸರ್ಕಾರಕ್ಕೆ ಅಷ್ಟಾಗಿ ಬೇಕಿರಲಿಲ್ಲ, ಆ ಓದಿನ ಹಣ ನಿಂತಿತು. 1839ರಲ್ಲಿ ಆಕ್ಲೆಂಡ್ ಪೌರ್ವಾತ್ಯ ಕಾಲೇಜುಗಳಿಗೆ ಅನುದಾನವನ್ನೂ ಮಿತವಾಗಿ ವಿದ್ಯಾರ್ಥಿವೇತನಗಳನ್ನೂ ಮರಳಿ ಕೊಟ್ಟದ್ದು ನಿಜ. ಆದರೂ ಒಂದು ಮಾದರಿ ಆಗಲೇ ನೆಲೆಯೂರಿತ್ತು. ಇಬ್ಬರು ಬಡ ಹುಡುಗರಲ್ಲಿ ಯಾರಿಗೆ ನೆರವು ಎಂಬುದನ್ನು ಅವರ ಬಡತನಕ್ಕಿಂತ ಹೆಚ್ಚಾಗಿ ಅವರ ಓದು ತೀರ್ಮಾನಿಸಿತು.

ವಾರಾನ್ನವೂ ವಿದ್ಯಾರ್ಥಿನಿಲಯವೂ

ನಮ್ಮ ಕಡೆ ಬಡ ವಿದ್ಯಾರ್ಥಿಗೆ ಸಿಗುತ್ತಿದ್ದ ನೆರವಿನ ರೂಪ ಬೇರೆ ಇತ್ತು. ವಾರಾನ್ನದ ಪದ್ಧತಿಯನ್ನು ಹಿರಿಯರಿಂದ ನೀವು ಕೇಳಿರಬಹುದು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ ಮಾಡಿ, ಉಳಿದ ಹೊತ್ತಿನಲ್ಲಿ ಓದಿಕೊಳ್ಳುವುದು. ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಈ ಅನ್ನ ತಿಂದು ವಿದ್ಯಾವಂತರಾದವರು ಬಹಳ ಮಂದಿ. ಹುಡುಗ ಸಂಸ್ಕೃತ ಪಾಠಶಾಲೆಗೆ ಹೋಗುತ್ತಾನೋ, ಕಾಲೇಜಿನಲ್ಲಿ ಗಣಿತ ಓದುತ್ತಾನೋ ಎಂದು ಬಡಿಸುವ ತಾಯಿ ಕೇಳುತ್ತಿರಲಿಲ್ಲ. ಆದರೆ ಆ ಮನೆಗಳು ಜಾತಿ ಕೇಳುತ್ತಿದ್ದವು. ಅದನ್ನು ಮರೆಮಾಚುವಂತಿಲ್ಲ. ವಾರಾನ್ನದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ, ಬಹುಪಾಲು ಜನರಿಗೆ ಮುಚ್ಚಿಯೇ ಇತ್ತು.

ಆ ಮುಚ್ಚಿದ ಬಾಗಿಲಿನ ಹೊರಗಿದ್ದವರು ತಮ್ಮದೇ ವಿದ್ಯಾರ್ಥಿನಿಲಯಗಳನ್ನು ಕಟ್ಟಿಕೊಂಡರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸಂಸ್ಥಾನದಲ್ಲಿ ಸಮುದಾಯಗಳ ಸಂಘಗಳೂ, ಮಠಗಳೂ ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆದವು. ತುಮಕೂರಿನ ಸಿದ್ಧಗಂಗೆಯಲ್ಲಿ ಬೆಳೆದ ದಾಸೋಹದ ಪರಂಪರೆ ಜಾತಿಯನ್ನೂ ಕೇಳದೆ ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ಕೊಟ್ಟಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಉದ್ಯೋಗದಲ್ಲಿ ಪಾಲು ಕೊಡುವ ವಿಷಯದಲ್ಲಿ ಈ ಸಮಿತಿ ಹೆಸರಾಗಿದೆ. ಉದ್ಯೋಗಕ್ಕೆ ಮೊದಲು ವಿದ್ಯೆ ಬೇಕು, ವಿದ್ಯೆಗೆ ನೆರವು ಬೇಕು ಎಂಬುದನ್ನೂ ಅದು ಕಂಡುಕೊಂಡಿತ್ತು. ಇಲ್ಲಿ ಮುಂದೆ ಬಂದದ್ದು ಮೊದಲನೆಯ ಪ್ರಶ್ನೆ, ನೀವು ಯಾರು ಎಂಬುದು. ಎರಡನೆಯ ಪ್ರಶ್ನೆ ಇಡೀ ದೇಶದ ಮಟ್ಟದಲ್ಲಿ ಮತ್ತೆ ಎದ್ದು ಬರಲು ಇನ್ನೂ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅದನ್ನು ಎತ್ತಿದವರು ಸ್ವತಃ ವಿದ್ಯಾರ್ಥಿವೇತನದಿಂದ ಓದಿ ಮೇಲೆ ಬಂದವರು.

1942ರ ಮನವಿ

1913ರ ಜೂನ್ 4ರಂದು ಬಡೋದೆಯಲ್ಲಿ ಯುವಕ ಭೀಮರಾವ್ ಅಂಬೇಡ್ಕರ್ ಒಂದು ಕರಾರಿಗೆ ಸಹಿ ಹಾಕಿದರು. ಮಹಾರಾಜ ಸಯಾಜಿರಾವ್ ಗಾಯಕವಾಡರು ಅಮೆರಿಕದಲ್ಲಿ ಓದಲು ನೆರವು ಕೊಟ್ಟಿದ್ದರು. ಗೊತ್ತುಪಡಿಸಿದ ವಿಷಯವನ್ನೇ ಓದಬೇಕು, ಓದು ಮುಗಿದ ಮೇಲೆ ಹತ್ತು ವರ್ಷ ಬಡೋದೆ ಸಂಸ್ಥಾನದ ಸೇವೆಯಲ್ಲಿರಬೇಕು ಎಂಬುದು ಕರಾರು. ಅಂದರೆ ಏನು ಓದುತ್ತೀರಿ ಎಂಬ ಪ್ರಶ್ನೆ ಅಲ್ಲಿಯೂ ಇತ್ತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರು ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸಗಳನ್ನು ಓದಿದರು. 1915ರಲ್ಲಿ ಎಂ.ಎ. ಪಡೆದರು. 1916ರ ಮೇ 9ರಂದು ಭಾರತದ ಜಾತಿಗಳ ಹುಟ್ಟು ಬೆಳವಣಿಗೆಯನ್ನು ಕುರಿತ ತಮ್ಮ ಪ್ರಸಿದ್ಧ ಪ್ರಬಂಧವನ್ನು ಅಲ್ಲಿ ಮಂಡಿಸಿದರು. ಮುಂದೆ ಲಂಡನ್ನಿನಲ್ಲಿ ಓದುತ್ತಿದ್ದಾಗ 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ಓದನ್ನು ನಡುವೆಯೇ ಬಿಟ್ಟು ಹಿಂತಿರುಗಬೇಕಾಯಿತು. 1920ರಲ್ಲಿ ಉಳಿತಾಯದ ಹಣ, ಸಾಲ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಇವುಗಳನ್ನು ಕೂಡಿಸಿಕೊಂಡು ಮತ್ತೆ ಹೋಗಿ ಓದು ಪೂರೈಸಿದರು. ವಿದ್ಯಾರ್ಥಿವೇತನ ಬಂದರೆ ಏನಾಗುತ್ತದೆ, ನಿಂತರೆ ಏನಾಗುತ್ತದೆ ಎಂಬುದನ್ನು ಅವರಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ.

1942ರ ಜುಲೈಯಲ್ಲಿ ಅವರು ವೈಸರಾಯ್ ಕಾರ್ಯಕಾರಿ ಮಂಡಲಿಯ ಕಾರ್ಮಿಕ ಸದಸ್ಯರಾದರು. ಅದೇ ಅಕ್ಟೋಬರಿನಲ್ಲಿ ಪರಿಶಿಷ್ಟ ಜಾತಿಗಳ ಕುಂದುಕೊರತೆಗಳನ್ನು ಕುರಿತು ವೈಸರಾಯ್ ಲಿನ್ಲಿತ್ಗೋ ಅವರಿಗೆ ದೀರ್ಘವಾದ ಮನವಿಯೊಂದನ್ನು ಸಲ್ಲಿಸಿದರು. ಅದರ ಶಿಕ್ಷಣದ ಭಾಗ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಕಲೆ ಮತ್ತು ಕಾನೂನಿನ ಓದು ಪರಿಶಿಷ್ಟ ಜಾತಿಗಳಿಗೆ ಹೆಚ್ಚಿನ ಪ್ರಯೋಜನ ತರಲಾರದು, ವಿಜ್ಞಾನ ಮತ್ತು ತಂತ್ರಜ್ಞಾನದ ಉನ್ನತ ಶಿಕ್ಷಣವೇ ಅವರನ್ನು ಮೇಲೆತ್ತಬಲ್ಲದು, ಆದರೆ ಅದರ ವೆಚ್ಚ ಅವರ ಕೈಗೆ ಎಟುಕುವಂಥದ್ದಲ್ಲ ಎಂದು ಅವರು ವಾದಿಸಿದರು. ಬನಾರಸ್ ಮತ್ತು ಅಲೀಗಢ ವಿಶ್ವವಿದ್ಯಾಲಯಗಳಿಗೆ ಕೇಂದ್ರ ಸರ್ಕಾರ ಅನುದಾನ ಕೊಡುತ್ತಿದ್ದುದರ ಕಡೆಗೆ ಬೊಟ್ಟು ಮಾಡಿದರು. ದೇಶದೊಳಗೆ ವಿಜ್ಞಾನ ತಂತ್ರಜ್ಞಾನ ಓದುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ ವರ್ಷಕ್ಕೆ 2 ಲಕ್ಷ ರೂಪಾಯಿ, ವಿದೇಶದಲ್ಲಿ ಓದುವವರಿಗಾಗಿ 1 ಲಕ್ಷ ರೂಪಾಯಿ ಬೇಕೆಂದು ಕೇಳಿದರು.

ಈ ಬೇಡಿಕೆಯಿಂದ 1944ರಲ್ಲಿ ಹುಟ್ಟಿದ್ದೇ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. 1948-49ರಲ್ಲಿ ಅದು ಪರಿಶಿಷ್ಟ ಪಂಗಡಗಳಿಗೂ ವಿಸ್ತರಿಸಿತು. ಇಂದು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಮಕ್ಕಳು ಅರ್ಜಿ ಹಾಕುವ ಯೋಜನೆಯ ಮೂಲಪುರುಷ ಯಾರು ಎಂದು ಕೇಳಿದರೆ ಉತ್ತರ ಇದು.

ಅಂಬೇಡ್ಕರರ ವಾದವನ್ನು ಅದರ ಕಾಲದಲ್ಲಿಟ್ಟು ನೋಡಬೇಕು. ವಕೀಲಿ, ಗುಮಾಸ್ತಗಿರಿಗಳ ಓದಿಗೆ ಹೇಗೋ ದಾರಿಯಿತ್ತು. ಪ್ರಯೋಗಶಾಲೆಯ ಓದಿಗೆ ಇರಲಿಲ್ಲ. ಏರಲಾಗದ ಕಡೆಗೆ ಏಣಿ ಹಾಕಿ ಎಂದು ಅವರು ಕೇಳಿದರು. ಹಾಗೆಂದು ಕಲೆ, ವಾಣಿಜ್ಯ, ಕಾನೂನು ಬೇಡವೆಂಬುದು ಅವರ ನಿಲುವಾಗಿರಲಿಲ್ಲ ಎಂಬುದಕ್ಕೆ ಅವರ ಕೆಲಸವೇ ಸಾಕ್ಷಿ. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿಯನ್ನು ಸ್ಥಾಪಿಸಿ, 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದರು. ಅದು ಕಲೆ ಮತ್ತು ವಿಜ್ಞಾನ ಎರಡನ್ನೂ ಕಲಿಸುವ ಕಾಲೇಜು. ಮುಂದೆ ಅದೇ ಸಂಸ್ಥೆ ಕಾನೂನು ಕಾಲೇಜನ್ನೂ ತೆರೆಯಿತು.

ಏಣಿ ಹೋಗಿ ಮೆಟ್ಟಿಲುಗಳಾದದ್ದು

ಯೋಜನೆ ಬೆಳೆದಂತೆ ಪಿ.ಯು.ಸಿ., ಐ.ಟಿ.ಐ., ಬಿ.ಎ., ಎಂಜಿನಿಯರಿಂಗ್, ವೈದ್ಯಕೀಯ ಎಲ್ಲವೂ ಅದರೊಳಗೆ ಬಂದವು. ಎಲ್ಲ ಬಂದ ಮೇಲೆ ಅವುಗಳನ್ನು ಗುಂಪುಗಳಾಗಿ ವಿಂಗಡಿಸಲಾಯಿತು. ನಿಮ್ಮ ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಗುಂಪುಗಳನ್ನು ತಿಳಿದಿರುವುದು ಒಳ್ಳೆಯದು. 2010ರ ನಿಯಮಾವಳಿಯಲ್ಲಿ ಅವು ನಾಲ್ಕು. ವೈದ್ಯಕೀಯ, ಎಂಜಿನಿಯರಿಂಗ್, ಕೃಷಿ, ಪಶುವೈದ್ಯ, ಮ್ಯಾನೇಜ್‌ಮೆಂಟ್, ಪಿಎಚ್.ಡಿ. ಮುಂತಾದವು ಮೊದಲನೆಯ ಗುಂಪು. ಫಾರ್ಮಸಿ, ನರ್ಸಿಂಗ್, ಎಲ್.ಎಲ್.ಬಿ., ಎಂ.ಎ., ಎಂ.ಎಸ್ಸಿ. ಮುಂತಾದವು ಎರಡನೆಯದು. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಪದವಿಗಳು ಮೂರನೆಯದು. ಹತ್ತನೆಯ ತರಗತಿ ಪಾಸಾದವರು ಸೇರಬಹುದಾದ ಪಿ.ಯು.ಸಿ., ಐ.ಟಿ.ಐ., ಪಾಲಿಟೆಕ್ನಿಕ್ ಡಿಪ್ಲೊಮಾ ನಾಲ್ಕನೆಯದು.

2010ರ ಜುಲೈಯಿಂದ ಜಾರಿಗೆ ಬಂದ ದರಗಳನ್ನು ನೋಡಿ. ವಿದ್ಯಾರ್ಥಿನಿಲಯದಲ್ಲಿರುವ ವಿದ್ಯಾರ್ಥಿಗೆ ತಿಂಗಳಿಗೆ ನಿರ್ವಹಣಾ ಭತ್ಯೆ ಮೊದಲ ಗುಂಪಿನಲ್ಲಿ 1,200 ರೂಪಾಯಿ, ಎರಡನೆಯದರಲ್ಲಿ 820, ಮೂರನೆಯದರಲ್ಲಿ 570, ನಾಲ್ಕನೆಯದರಲ್ಲಿ 380. ಮನೆಯಿಂದ ಓಡಾಡುವವರಿಗೆ ಕ್ರಮವಾಗಿ 550, 530, 300 ಮತ್ತು 230. ಕಾಲೇಜಿಗೆ ಕಟ್ಟುವ ಕಡ್ಡಾಯ ಶುಲ್ಕದ ಮರುಪಾವತಿ ಇದರಲ್ಲಿ ಸೇರಿಲ್ಲ, ಅದು ಬೇರೆ. 2021ರ ಮಾರ್ಗಸೂಚಿಯಲ್ಲಿ ಇದು ವಾರ್ಷಿಕ ಭತ್ಯೆಯಾಯಿತು. ವಿದ್ಯಾರ್ಥಿನಿಲಯದವರಿಗೆ 13,500, 9,500, 6,000, 4,000 ರೂಪಾಯಿ. ಮನೆಯಿಂದ ಓಡಾಡುವವರಿಗೆ 7,000, 6,500, 3,000, 2,500. ಕುಟುಂಬದ ವಾರ್ಷಿಕ ವರಮಾನದ ಮಿತಿ ಮಾತ್ರ ಎಲ್ಲ ಗುಂಪಿಗೂ ಒಂದೇ, 2.5 ಲಕ್ಷ ರೂಪಾಯಿ.

ಈಗ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ಒಂದೇ ಹಳ್ಳಿಯ, ಒಂದೇ ಕೇರಿಯ ಇಬ್ಬರು ಹೆಣ್ಣುಮಕ್ಕಳು. ಇಬ್ಬರ ಅಪ್ಪಂದಿರೂ ಕೂಲಿಗೆ ಹೋಗುವವರು. ಒಬ್ಬಳು ಎಂ.ಬಿ.ಬಿ.ಎಸ್., ಇನ್ನೊಬ್ಬಳು ಬಿ.ಎ. ಓದುತ್ತಾಳೆ. ಇಬ್ಬರೂ ಖರ್ಚು ಹಂಚಿಕೊಂಡು ನಡೆಸುವ ಒಂದೇ ಹಾಸ್ಟೆಲಿನಲ್ಲಿದ್ದಾರೆ. ಒಂದೇ ಪಂಕ್ತಿಯಲ್ಲಿ ಕುಳಿತು ಅದೇ ಮುದ್ದೆ, ಅದೇ ಸಾರು ಉಣ್ಣುತ್ತಾರೆ. ತಿಂಗಳ ಕೊನೆಗೆ ಇಬ್ಬರ ಪಾಲಿಗೂ ಬರುವ ಊಟದ ಲೆಕ್ಕ ಒಂದೇ. ಆದರೆ ಒಬ್ಬಳಿಗೆ ಸರ್ಕಾರದಿಂದ ವರ್ಷಕ್ಕೆ 13,500 ರೂಪಾಯಿ, ಇನ್ನೊಬ್ಬಳಿಗೆ 6,000. ಅದೇ ಹಾಸ್ಟೆಲಿನಲ್ಲಿ ಪಿ.ಯು.ಸಿ. ಓದುವ ತಂಗಿಯೊಬ್ಬಳಿದ್ದರೆ ಅವಳಿಗೆ 4,000. ಎಂ.ಬಿ.ಬಿ.ಎಸ್. ಓದುವ ಅಕ್ಕನಿಗೆ ಸಿಗುವುದರ ಮೂರನೆಯ ಒಂದು ಪಾಲೂ ಇಲ್ಲ. ಹದಿನಾರರ ಹಸಿವು ಇಪ್ಪತ್ತರ ಹಸಿವಿಗಿಂತ ಕಡಿಮೆ ಎಂದು ಯಾವ ತಾಯಿಯೂ ಒಪ್ಪಲಾರಳು.

ವೃತ್ತಿಪರ ಓದಿನ ಖರ್ಚು ಹೆಚ್ಚಲ್ಲವೇ ಎಂದು ನೀವು ಕೇಳಬಹುದು. ಹೌದು, ಹೆಚ್ಚು. ಪುಸ್ತಕ ದುಬಾರಿ, ಉಪಕರಣ ದುಬಾರಿ, ಶುಲ್ಕವಂತೂ ಹೇಳುವುದೇ ಬೇಡ. ಆದರೆ ಶುಲ್ಕವನ್ನು ಯೋಜನೆ ಪ್ರತ್ಯೇಕವಾಗಿ ಕೊಡುತ್ತಿತ್ತು. ಪುಸ್ತಕಕ್ಕೆಂದು ವೈದ್ಯಕೀಯ, ಎಂಜಿನಿಯರಿಂಗ್, ಕೃಷಿ, ಪಶುವೈದ್ಯ, ಪಾಲಿಟೆಕ್ನಿಕ್, ಕಾನೂನು ಮುಂತಾದ ಕೋರ್ಸುಗಳಿಗೆ ಪುಸ್ತಕ ಬ್ಯಾಂಕಿನ ಏರ್ಪಾಡೂ ಪ್ರತ್ಯೇಕವಾಗಿ ಇತ್ತು. ಬಿ.ಎ. ವಿದ್ಯಾರ್ಥಿಗೆ ಆ ಬ್ಯಾಂಕೂ ಇರಲಿಲ್ಲ. ಶುಲ್ಕವನ್ನೂ ಪುಸ್ತಕವನ್ನೂ ಬದಿಗಿಟ್ಟ ಮೇಲೆ ನಿರ್ವಹಣಾ ಭತ್ಯೆಯಲ್ಲಿ ಉಳಿಯುವುದು ಬಹುಮಟ್ಟಿಗೆ ಊಟ, ಬಟ್ಟೆ, ಬಸ್ಸಿನ ಖರ್ಚು ತಾನೆ?

ಇನ್ನೊಂದು ವಿಷಯ. ಗುಂಪಿನ ಆಧಾರ ಖರ್ಚೇ ಆಗಿದ್ದರೆ ಪಾಲಿಟೆಕ್ನಿಕ್ ಮತ್ತು ಐ.ಟಿ.ಐ. ಕೊನೆಯ ಗುಂಪಿನಲ್ಲಿ ಇರಬಾರದಾಗಿತ್ತು. ಡ್ರಾಯಿಂಗ್ ಉಪಕರಣ, ವರ್ಕ್‌ಶಾಪಿನ ಉಡುಪು ಅವರಿಗೂ ಬೇಕು. ಅವರನ್ನು ಕೆಳಗಿಟ್ಟದ್ದು ಪ್ರವೇಶದ ಅರ್ಹತೆ ಹತ್ತನೆಯ ತರಗತಿ ಎಂಬ ಕಾರಣಕ್ಕೆ. ಅಂದರೆ ಕೋಷ್ಟಕ ಅಳೆಯುವುದು ವಿದ್ಯಾರ್ಥಿಯ ಅಗತ್ಯವನ್ನಷ್ಟೇ ಅಲ್ಲ, ಕೋರ್ಸಿನ ಅಂತಸ್ತನ್ನೂ ಅಳೆಯುತ್ತದೆ. ಎತ್ತರಕ್ಕೆ ಏರಲಾಗದವರಿಗಾಗಿ ಕೇಳಿದ ಏಣಿ ಹೀಗೆ, ಮೇಲಿದ್ದವರಿಗೆ ಹೆಚ್ಚು, ಕೆಳಗಿದ್ದವರಿಗೆ ಕಡಿಮೆ ಕೊಡುವ ಮೆಟ್ಟಿಲುಗಳಾಯಿತು. ಮೊದಲ ಸಲ ಫೇಲಾದರೆ ವಿದ್ಯಾರ್ಥಿವೇತನವನ್ನು ಮುಂದುವರಿಸಬಹುದೆಂದು ನಿಯಮಾವಳಿ ಸ್ಪಷ್ಟವಾಗಿ ಹೇಳಿದ್ದೂ ಮೊದಲ ಗುಂಪಿನವರಿಗಾಗಿಯೇ.

ಹೊಸ್ತಿಲ ಹೊರಗೆ ಉಳಿದ ಓದುಗಳು

ಗುಂಪುಗಳ ಮಾತು ಹೀಗಾದರೆ, ಯಾವ ಗುಂಪಿಗೂ ಸೇರದ ಓದುಗಳೂ ಇದ್ದವು. ವಾಣಿಜ್ಯ ವಿಮಾನ ಚಾಲಕನ ಪರವಾನಗಿಯ ತರಬೇತಿ ಮೊದಲ ಗುಂಪಿನಲ್ಲಿತ್ತು, ಖಾಸಗಿ ಚಾಲಕನ ಪರವಾನಗಿಗೆ ನೆರವಿರಲಿಲ್ಲ. ವಿಮಾನ ದುರಸ್ತಿಯ ಎಂಜಿನಿಯರ್ ತರಬೇತಿಗೂ ಇರಲಿಲ್ಲ. ಡಫರಿನ್ ಎಂಬ ತರಬೇತಿ ಹಡಗಿನ ಹೆಸರು, ಅದು ರಾಜೇಂದ್ರ ಎಂಬ ಹಡಗಿಗೆ ಸ್ಥಾನ ಬಿಟ್ಟುಕೊಟ್ಟು ದಶಕಗಳಾದ ಮೇಲೂ, ನೆರವಿಲ್ಲದ ಕೋರ್ಸುಗಳ ಪಟ್ಟಿಯಲ್ಲಿ ಉಳಿದೇ ಇತ್ತು. ನಿಯಮಗಳನ್ನು ಒಮ್ಮೆ ಬರೆದ ಮೇಲೆ ಅವು ಎಷ್ಟು ಕಾಲ ಬಾಳುತ್ತವೆ ಎಂಬುದಕ್ಕೆ ಇದೊಂದು ನಿದರ್ಶನ.

ಇದಕ್ಕಿಂತ ಹೆಚ್ಚು ಜನರನ್ನು ತಟ್ಟಿದ್ದು ಬೇರೆ ಎರಡು ನಿಯಮ. ಒಂದು ಹಂತದ ಓದು ಮುಗಿಸಿದವರು ಅದೇ ಹಂತದಲ್ಲಿ ಬೇರೆ ವಿಷಯ ಓದಿದರೆ ನೆರವಿಲ್ಲ. ಬಿ.ಎ. ಆದ ಮೇಲೆ ಬಿ.ಕಾಂ., ಒಂದು ವಿಷಯದಲ್ಲಿ ಎಂ.ಎ. ಆದ ಮೇಲೆ ಇನ್ನೊಂದರಲ್ಲಿ ಎಂ.ಎ. ಎಂದರೆ ಇಲ್ಲ. ಒಂದು ವೃತ್ತಿಯ ಓದು ಮುಗಿಸಿ ಇನ್ನೊಂದಕ್ಕೆ ಹೊರಳಿದರೂ ಇಲ್ಲ. ಬಿ.ಎಡ್. ಆದ ಮೇಲೆ ಎಲ್.ಎಲ್.ಬಿ. ಎಂಬ ಉದಾಹರಣೆಯನ್ನು ನಿಯಮವೇ ಕೊಡುತ್ತದೆ. ಸಾರ್ವಜನಿಕ ಹಣ ಒಬ್ಬರಿಗೇ ಮತ್ತೆ ಮತ್ತೆ ಹೋಗದೆ ಹಲವರಿಗೆ ಹಂಚಿಕೆಯಾಗಲಿ ಎಂಬುದು ಇದರ ಹಿಂದಿನ ನ್ಯಾಯ. ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯ ಹುಡುಗ, ಹೇಳಿಕೊಡುವವರಿಲ್ಲದೆ ಸಿಕ್ಕ ಕೋರ್ಸಿಗೆ ಸೇರಿದ್ದರೆ, ತನಗೆ ಒಗ್ಗುವುದು ಇನ್ನೊಂದು ಎಂದು ತಿಳಿಯುವ ಹೊತ್ತಿಗೆ ಅವನ ಅರ್ಹತೆ ಮುಗಿದಿರುತ್ತದೆ.

ಎರಡನೆಯದು ಅಂಚೆ ಮತ್ತು ತೆರಪಿನ ಶಿಕ್ಷಣಕ್ಕೆ ಸಂಬಂಧಿಸಿದ್ದು. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ಶಿಕ್ಷಣವನ್ನು ಆರಂಭಿಸಿತು. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂತು. ಮದುವೆಯಾಗಿ ಓದು ನಿಲ್ಲಿಸಿದ ಹೆಣ್ಣುಮಕ್ಕಳು, ದುಡಿಯುತ್ತಲೇ ಓದುವವರು, ಕಾಲೇಜಿಲ್ಲದ ಊರಿನವರು ಇದರಿಂದ ಪದವೀಧರರಾದರು. 2010ರ ನಿಯಮದ ಪ್ರಕಾರ ಇಂಥವರಿಗೆ ಕೋರ್ಸಿನ ಶುಲ್ಕ ಮರಳಿ ದೊರೆಯುತ್ತಿತ್ತು, ಪುಸ್ತಕಕ್ಕೆಂದು ವರ್ಷಕ್ಕೆ 1,200 ರೂಪಾಯಿಯೂ ಸಿಗುತ್ತಿತ್ತು. ನಿರ್ವಹಣಾ ಭತ್ಯೆ ಇರಲಿಲ್ಲ. ಮನೆಯಲ್ಲೇ ಕುಳಿತು ಓದುವವರಿಗೆ ನಿರ್ವಹಣೆಯ ಖರ್ಚೇನು ಎಂಬ ಎಣಿಕೆ ಇದರಲ್ಲಿದ್ದಂತಿದೆ. ಒಂದು ದಿನದ ಕೂಲಿ ಬಿಟ್ಟು ಸಂಪರ್ಕ ತರಗತಿಗೆ ಬರುವವರ ಲೆಕ್ಕವೇ ಬೇರೆ.

ಒಂದು ಕೋರ್ಸಿನ ಬಾಗಿಲು ಹೀಗೆ ತೆರೆದು ಇನ್ನೊಂದರದು ಮುಚ್ಚುವುದು ಸಾಲದ ವಿಷಯದಲ್ಲೂ ಕಾಣುತ್ತದೆ. 2009-10ರಿಂದ ಕೇಂದ್ರ ಸರ್ಕಾರ, ವರ್ಷಕ್ಕೆ 4.5 ಲಕ್ಷ ರೂಪಾಯಿ ಒಳಗಿನ ವರಮಾನದ ಕುಟುಂಬಗಳ ಮಕ್ಕಳ ಶೈಕ್ಷಣಿಕ ಸಾಲಕ್ಕೆ, ಓದುವ ಅವಧಿಯ ಬಡ್ಡಿಯನ್ನು ತಾನೇ ಭರಿಸಲು ಮುಂದಾಯಿತು. ಒಳ್ಳೆಯ ಯೋಜನೆ. ಅದೂ ತಾಂತ್ರಿಕ ಮತ್ತು ವೃತ್ತಿಪರ ಕೋರ್ಸುಗಳಿಗೆ ಮೀಸಲಾಗಿತ್ತು. 2021ರಲ್ಲಿ ನಮ್ಮ ರಾಜ್ಯ ರೈತರ ಮಕ್ಕಳಿಗೆಂದು ಆರಂಭಿಸಿದ ರೈತ ವಿದ್ಯಾನಿಧಿಯಲ್ಲೂ ಇದೇ ಏಣಿಶ್ರೇಣಿ. ಪಿ.ಯು.ಸಿ., ಐ.ಟಿ.ಐ., ಡಿಪ್ಲೊಮಾ ಓದುವ ಗಂಡುಮಕ್ಕಳಿಗೆ 2,500 ರೂಪಾಯಿ, ಹೆಣ್ಣುಮಕ್ಕಳಿಗೆ 3,000. ಬಿ.ಎ., ಬಿ.ಎಸ್ಸಿ., ಬಿ.ಕಾಂ.ಗೆ 5,000 ಮತ್ತು 5,500. ಕಾನೂನು, ನರ್ಸಿಂಗ್ ಮುಂತಾದವಕ್ಕೆ 7,500 ಮತ್ತು 8,000. ಎಂ.ಬಿ.ಬಿ.ಎಸ್., ಬಿ.ಇ. ಹಾಗೂ ಸ್ನಾತಕೋತ್ತರ ಓದಿಗೆ 10,000 ಮತ್ತು 11,000. ಅಪ್ಪನ ಜಮೀನು ಒಂದೇ, ಬಂದ ಬರಗಾಲ ಒಂದೇ. ಮಗಳು ಸೇರಿದ ಕೋರ್ಸಿನ ಮೇಲೆ ನೆರವು ಮೂರೂವರೆ ಪಟ್ಟಿಗೂ ಹೆಚ್ಚು ಬದಲಾಗುತ್ತದೆ.

ಬೇರೆ ದಾರಿಯೂ ಇದೆ ಎಂಬುದನ್ನು ತೋರಿಸಿದ್ದೂ ನಮ್ಮ ರಾಜ್ಯವೇ. 2013-14ರಲ್ಲಿ ವಿದ್ಯಾರ್ಥಿನಿಲಯಗಳಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ವಿದ್ಯಾಸಿರಿ ಎಂಬ ಊಟ ಮತ್ತು ವಸತಿ ಸಹಾಯ ಯೋಜನೆ ಬಂತು. ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. ಊಟಕ್ಕೆಂದು ಕೊಡುವ ಹಣವನ್ನು ಊಟದ ಲೆಕ್ಕದಲ್ಲೇ ಕೊಡಬಹುದು, ಅದಕ್ಕೆ ಗುಂಪುಗಳ ಕೋಷ್ಟಕ ಬೇಕಿಲ್ಲ ಎಂಬುದು ಇದರಿಂದ ತಿಳಿಯಿತು.

2022: ವೃತ್ತ ಪೂರ್ಣವಾದ ಬಗೆ

ವಿದೇಶದಲ್ಲಿ ಓದುವವರಿಗಾಗಿ ಅಂಬೇಡ್ಕರರು 1942ರಲ್ಲಿ 1 ಲಕ್ಷ ರೂಪಾಯಿ ಕೇಳಿದ್ದನ್ನು ನೆನಪಿಸಿಕೊಳ್ಳಿ. ಆ ಆಶಯವನ್ನು ಸ್ವತಂತ್ರ ಭಾರತದಲ್ಲಿ 1954-55ರಿಂದ ಮುಂದುವರಿಸಿದ್ದು ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ. ಪರಿಶಿಷ್ಟ ಜಾತಿಗಳು, ಅಲೆಮಾರಿ ಸಮುದಾಯಗಳು, ಭೂರಹಿತ ಕೃಷಿ ಕೂಲಿಕಾರರು ಇಂಥ ಕುಟುಂಬಗಳ ಮಕ್ಕಳಿಗೆ ವರ್ಷಕ್ಕೆ 125 ಸ್ಥಾನಗಳಿದ್ದ ಈ ಯೋಜನೆಗೆ 2022ರ ಫೆಬ್ರವರಿಯಲ್ಲಿ ಹೊಸ ಮಾರ್ಗಸೂಚಿ ಬಂತು. ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತವನ್ನು ಕುರಿತ ಸಾಮಾಜಿಕ ಅಧ್ಯಯನ ಇವು ಇನ್ನು ಮುಂದೆ ನೆರವಿಗೆ ಅರ್ಹವಲ್ಲ ಎಂದು ಅದು ಸಾರಿತು. ಈ ವಿಷಯಗಳ ಆಕರಗಳೂ ತಜ್ಞರೂ ದೇಶದಲ್ಲೇ ಇದ್ದಾರೆ, ಇರುವ ಕೆಲವೇ ಸ್ಥಾನಗಳು ಬೇರೆ ವಿಷಯಗಳಿಗೆ ಸಲ್ಲಲಿ ಎಂಬುದು ಸರ್ಕಾರದ ಸಮರ್ಥನೆ.

ಈ ಸಮರ್ಥನೆಯಲ್ಲಿ ತರ್ಕವಿಲ್ಲ ಎನ್ನಲಾಗದು. ಆದರೆ ಅದನ್ನು ಇತಿಹಾಸದ ಎದುರಿಗೆ ಹಿಡಿದು ನೋಡಿ. 1916ರಲ್ಲಿ ಬಡೋದೆಯ ಹಣದಿಂದ ನ್ಯೂಯಾರ್ಕಿನಲ್ಲಿ ಓದುತ್ತಿದ್ದ ಆ ಯುವಕ ಮಂಡಿಸಿದ ಪ್ರಬಂಧದ ವಸ್ತು ಭಾರತದ ಜಾತಿವ್ಯವಸ್ಥೆ. ಎಂ.ಎ.ಗೆ ಆತ ಬರೆದದ್ದು ಪ್ರಾಚೀನ ಭಾರತದ ವಾಣಿಜ್ಯವನ್ನು ಕುರಿತು. ಅದೇ ವಿಷಯ ಹಿಡಿದು ಅದೇ ವಿಶ್ವವಿದ್ಯಾಲಯಕ್ಕೆ ಹೊರಡುವ ತರುಣನೊಬ್ಬನಿಗೆ 2022ರ ಆ ನಿಯಮದಡಿ ನೆರವು ಸಿಗುತ್ತಿರಲಿಲ್ಲ. ಯಾರ ಮನವಿಯಿಂದ ಈ ಬಗೆಯ ನೆರವು ಆರಂಭವಾಯಿತೋ, ಅವರ ಓದೇ ನೆರವಿನ ಪಟ್ಟಿಯಿಂದ ಹೊರಗೆ ಬಿತ್ತು. 1835ರಲ್ಲಿ ಕಲ್ಕತ್ತೆಯಲ್ಲಿ ಕೇಳಿದ ಪ್ರಶ್ನೆಯೇ ಇಲ್ಲಿಯೂ ಕೇಳಿಬಂತು: ಈ ಓದಿನಿಂದ ನಮಗೇನು?

ಸರ್ಕಾರ ಹಾಗೆ ಕೇಳಬಾರದೇ? ಕೇಳಬಹುದು. ದೇಶಕ್ಕೆ ವೈದ್ಯರು ಬೇಕಾದಾಗ ವೈದ್ಯಕೀಯ ಓದಿಗೆ ಹೆಚ್ಚು ಹಣ ತೆಗೆದಿಡುವುದು ಆಳುವವರ ಧರ್ಮ. ಕೋರ್ಸಿನ ಶುಲ್ಕ ಹೆಚ್ಚಾದಾಗ ಅದನ್ನು ಪೂರ್ತಿ ಭರಿಸುವುದೂ ನ್ಯಾಯ. ಆದರೆ ಕೋರ್ಸಿನ ಖರ್ಚು ಒಂದು, ಓದುವ ಮನುಷ್ಯನ ಖರ್ಚು ಇನ್ನೊಂದು. ಮೊದಲನೆಯದು ಕೋರ್ಸಿಗೆ ತಕ್ಕಂತೆ ಬದಲಾಗಲಿ. ಎರಡನೆಯದು ಹಸಿವಿಗೆ, ಬಾಡಿಗೆಗೆ, ಬಸ್ಸಿನ ದರಕ್ಕೆ ತಕ್ಕಂತೆ ಇರಬೇಕು. ಇವೆರಡನ್ನೂ ಒಂದೇ ಕೋಷ್ಟಕದಲ್ಲಿ ಕಲಸಿದಾಗ, ಬಡವರ ಮನೆಯ ಹುಡುಗಿ ಇತಿಹಾಸವನ್ನೋ ಕನ್ನಡ ಸಾಹಿತ್ಯವನ್ನೋ ಓದುವುದು ಸಿರಿವಂತರಿಗೆ ಬಿಟ್ಟ ವಿಷಯ ಎಂಬ ಪಾಠವನ್ನು ಪ್ರವೇಶದ ದಿನವೇ ಕಲಿತುಬಿಡುತ್ತಾಳೆ.

ನಿಯಮಗಳು ಬದಲಾಗುವ ತನಕ ನೀವು ಮಾಡಬಹುದಾದದ್ದು ಇಷ್ಟು. ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸುವಾಗ, ಶುಲ್ಕ ಕಟ್ಟುವ ಮೊದಲು, ಕಾಲೇಜಿನ ಕಚೇರಿಯಲ್ಲಾಗಲಿ ತಾಲ್ಲೂಕಿನ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ಕಚೇರಿಯಲ್ಲಾಗಲಿ ಮೂರು ವಿಷಯ ಕೇಳಿ. ಈ ಕೋರ್ಸು ಯಾವ ಗುಂಪಿಗೆ ಸೇರುತ್ತದೆ? ಇದು ಪೂರ್ಣಾವಧಿಯದೋ, ದೂರ ಶಿಕ್ಷಣದ್ದೋ? ಹಿಂದೆ ಓದಿರುವುದು ಇದರ ನೆರವಿಗೆ ಅಡ್ಡಿಯಾಗುತ್ತದೆಯೇ? ಕೋರ್ಸು ಬದಲಾಯಿಸುವುದಿದ್ದರೆ ಮೊದಲೇ ಅನುಮತಿ ಪಡೆಯಿರಿ, ಯಾಕೆಂದರೆ ಅನುಮತಿಯಿಲ್ಲದೆ ವಿಷಯ ಬದಲಾಯಿಸಿದರೆ ವಿದ್ಯಾರ್ಥಿವೇತನ ನಿಲ್ಲಬಹುದು. ದರಗಳು ಕಾಲಕಾಲಕ್ಕೆ ಬದಲಾಗುವುದರಿಂದ ಆ ವರ್ಷದ ಆದೇಶವನ್ನೇ ತೋರಿಸಲು ಹೇಳಿ. ಉತ್ತರಗಳನ್ನು ಬರೆದಿಟ್ಟುಕೊಳ್ಳಿ, ಪಕ್ಕದ ಮನೆಯವರಿಗೂ ತಿಳಿಸಿ.